ವಾರ್ಡನ್ ಬಾಗಿಲು ತಟ್ಟುವ ಧೈರ್ಯ

(ಹಾಸ್ಟೆಲ್ ವಾರ್ಡನ್‌ಗಳು ಮತ್ತು ಕಾಲೇಜು ಅಧ್ಯಾಪಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಕ್ರಿಶ್ಚಿಯನ್ ಕಾಲೇಜುಗಳ ಹಾಸ್ಟೆಲ್ ಶಿಸ್ತಿನ ಬಗ್ಗೆ ಮಾತಾಡಿ ಅಂತ ಕೇಳಿದ್ದೀರಿ. ಈ ವಿಷಯ ಎತ್ತಿದ ಕೂಡಲೇ ನಮ್ಮಲ್ಲಿ ಎರಡು ಗುಂಪಾಗುತ್ತದೆ. ಒಂದು ಗುಂಪು, ‘ನಮ್ಮ ಕಾಲದಲ್ಲಿ ಸಿಸ್ಟರ್ ಒಂದು ಸಲ ದುರುಗುಟ್ಟಿ ನೋಡಿದರೆ ಸಾಕಿತ್ತು’ ಅನ್ನುತ್ತದೆ. ಇನ್ನೊಂದು, ‘ಹದಿನೆಂಟು ತುಂಬಿದವರನ್ನು ಹೀಗೆ ಕೂಡಿ ಹಾಕುವುದು ಯಾಕೆ’ ಅಂತ ಕೇಳುತ್ತದೆ. ಇಬ್ಬರ ಜಗಳವೂ ನಿಯಮ ಜಾಸ್ತಿ ಬೇಕೋ ಕಡಿಮೆ ಬೇಕೋ ಅನ್ನುವುದರ ಸುತ್ತಲೇ.

ನಾನು ಕೇಳುವುದು ಬೇರೆ ಪ್ರಶ್ನೆ. ರಾತ್ರಿ ಒಂದು ಗಂಟೆಗೆ ಒಬ್ಬ ಹುಡುಗಿ ಕಷ್ಟಕ್ಕೆ ಸಿಕ್ಕಿಕೊಂಡಳು ಅನ್ನಿ. ಆ ಕಷ್ಟದಲ್ಲಿ ಅವಳದೂ ಸ್ವಲ್ಪ ತಪ್ಪಿದೆ. ಹೇಳದೆ ಹೊರಗೆ ಹೋಗಿದ್ದಾಳೆ, ಅಥವಾ ಕುಡಿದಿದ್ದಾಳೆ, ಅಥವಾ ಹೋಗಬಾರದ ಕಡೆ ಹೋಗಿದ್ದಾಳೆ. ಅವಳು ಓಡಿ ಬಂದು ವಾರ್ಡನ್ ಬಾಗಿಲು ತಟ್ಟುತ್ತಾಳಾ? ವಾರ್ಡನ್‌ಗೆ ಗೊತ್ತಾಗದಿದ್ದರೆ ಸಾಕಪ್ಪಾ ಅಂತ ಬಚ್ಚಿಡುತ್ತಾಳಾ? ಒಂದು ಹಾಸ್ಟೆಲ್ ಹೇಗಿದೆ ಅಂತ ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಗೊತ್ತಿಲ್ಲ. ಅದರಲ್ಲೂ ಕ್ರಿಶ್ಚಿಯನ್ ಕಾಲೇಜಿಗೆ ಈ ಪರೀಕ್ಷೆ ಜಾಸ್ತಿ ಸಲ್ಲುತ್ತದೆ. ತಪ್ಪು ಒಪ್ಪಿಕೊಂಡವರಿಗೆ ಕ್ಷಮೆ ಇದೆ ಅಂತ ಬೋಧಿಸುವ ಧರ್ಮ ಅದು. ಆ ಮಾತು ಕಾಲೇಜಿನ ಪ್ರಾರ್ಥನಾ ಮಂದಿರವಾದ ಚಾಪೆಲ್ಲಿನಲ್ಲಿ ಮಾತ್ರ ಇದ್ದು ಹಾಸ್ಟೆಲ್ ಆಫೀಸಿನಲ್ಲಿ ಇಲ್ಲದಿದ್ದರೆ ಹೇಗೆ?

ಇದಕ್ಕೆ ಅಮೆರಿಕದ ಕ್ರಿಶ್ಚಿಯನ್ ಕಾಲೇಜುಗಳ ಚರಿತ್ರೆಯನ್ನು ಸ್ವಲ್ಪ ಬಿಚ್ಚಿ ಹೇಳುತ್ತೇನೆ. ಅಲ್ಲಿ ಈ ಜಗಳಗಳು ಕೋರ್ಟು ಹತ್ತಿವೆ, ದಾಖಲೆಯಾಗಿ ಉಳಿದಿವೆ. ಹಾಗಾಗಿ ಕಲಿಯಲು ಅನುಕೂಲ.

ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸೌತ್ ಹ್ಯಾಡ್ಲಿ ಅಂತ ಒಂದು ಊರು. 1837ರಲ್ಲಿ ಮೇರಿ ಲಯನ್ ಅನ್ನುವವರು ಅಲ್ಲಿ ಹೆಣ್ಣುಮಕ್ಕಳಿಗಾಗಿ ಮೌಂಟ್ ಹೋಲಿಯೋಕ್ ಎಂಬ ವಸತಿ ವಿದ್ಯಾಸಂಸ್ಥೆ ತೆರೆದರು. ಹೆಣ್ಣುಮಕ್ಕಳಿಗೆ ಆ ಮಟ್ಟದ ಓದು ಸಿಗುವುದೇ ಅಪರೂಪವಾಗಿದ್ದ ಕಾಲ ಅದು. ಪಾಠ, ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ 60 ಡಾಲರ್. ಅಷ್ಟು ಕಡಿಮೆ ಶುಲ್ಕ ಸಾಧ್ಯವಾದದ್ದು ಹೇಗೆ ಅಂದರೆ, ಅಡುಗೆ, ಪಾತ್ರೆ, ಬಟ್ಟೆ, ಕಸ ಎಲ್ಲವನ್ನೂ ವಿದ್ಯಾರ್ಥಿನಿಯರೇ ಹಂಚಿಕೊಂಡು ಮಾಡುತ್ತಿದ್ದರು. ಮುಂದೆ ದೊಡ್ಡ ಕವಿ ಅನಿಸಿಕೊಂಡ ಎಮಿಲಿ ಡಿಕಿನ್ಸನ್ 1847ರಲ್ಲಿ ಅಲ್ಲಿ ಓದಲು ಸೇರಿದಳು. ಅವಳ ಪಾಲಿಗೆ ಬಂದದ್ದು ಚಾಕುಗಳ ಕೆಲಸ. ಬೆಳಿಗ್ಗೆ, ಮಧ್ಯಾಹ್ನ ಊಟದ ಮೇಜಿನಿಂದ ಚಾಕುಗಳನ್ನು ಎತ್ತಿಕೊಂಡು ಹೋಗಬೇಕು. ರಾತ್ರಿ ಅಷ್ಟನ್ನೂ ತೊಳೆದು ಒರೆಸಿ ಇಡಬೇಕು. ಗೆಳತಿಗೆ ಬರೆದ ಕಾಗದದಲ್ಲಿ ಅವಳೇ ಇದನ್ನು ಹೇಳಿಕೊಂಡಿದ್ದಾಳೆ. ಗೈರುಹಾಜರಿ, ತಡವಾಗಿ ಬರುವುದು, ಮಾತಾಡಬಾರದ ಹೊತ್ತಿನಲ್ಲಿ ಮಾತು, ಓದುವ ಹೊತ್ತಿನ ಮೌನ ಮುರಿಯುವುದು, ರೂಮಿಗೆ ಬೇರೆಯವರನ್ನು ಕರೆಸಿಕೊಳ್ಳುವುದು, ಹೀಗೆ ಒಂದೊಂದಕ್ಕೂ ಲೆಕ್ಕ. ಸರಿಯಾದ ಕಾರಣ ಇಲ್ಲದಿದ್ದರೆ ಹೆಸರಿನ ಮುಂದೆ ಕಪ್ಪು ಗುರುತು ಬೀಳುತ್ತಿತ್ತು.

ಈ ತಪ್ಪುಗಳನ್ನು ಹಿಡಿಯುತ್ತಿದ್ದವರು ಯಾರು? ಯಾರೂ ಇಲ್ಲ. ವಿದ್ಯಾರ್ಥಿನಿಯರೇ ಎದ್ದು ನಿಂತು, ತಮ್ಮ ಗುಂಪಿನ ಅಧ್ಯಾಪಕಿಯ ಮುಂದೆ, ಉಳಿದವರು ಕೇಳುವಂತೆ ತಮ್ಮ ತಪ್ಪು ತಾವೇ ಹೇಳಬೇಕಿತ್ತು. ಕೇಳಲು ಇದು ತುಂಬಾ ಚೆನ್ನಾಗಿದೆ. ಕಾವಲುಗಾರ ಬೇಡ, ಚಾಡಿ ಹೇಳುವವರು ಬೇಡ. ಮೇರಿ ಲಯನ್ ಹುಡುಗಿಯರನ್ನು ನಂಬಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಹೇಳಿದವಳಿಗೆ ಸಿಗುತ್ತಿದ್ದದ್ದು ಕಪ್ಪು ಗುರುತು. ಅದೂ ಎಲ್ಲರ ಎದುರಿಗೆ. ಇದರ ಜೊತೆಗೆ ಅಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ನಂಬಿಕೆ ಗಟ್ಟಿಯಾದವರು, ನಂಬಿಕೆ ಬರುವ ಭರವಸೆ ಇರುವವರು, ಭರವಸೆ ಇಲ್ಲದವರು ಅಂತ ಹುಡುಗಿಯರನ್ನು ಮೂರು ಗುಂಪು ಮಾಡುತ್ತಿದ್ದರು. ಡಿಕಿನ್ಸನ್ ಕೊನೆಯ ಗುಂಪಿನಲ್ಲೇ ಉಳಿದಳು. ಹದಿನಾರು, ಹದಿನೇಳರ ಹುಡುಗಿಯೊಬ್ಬಳ ಒಳಮನಸ್ಸನ್ನು ಹಾಗೆ ಪಟ್ಟಿ ಮಾಡಿಡುವುದು ನನಗೆ ಸರಿ ಅನ್ನಿಸುವುದಿಲ್ಲ. ನಡತೆಗೆ ನಿಯಮ ಮಾಡಬಹುದು. ನಂಬಿಕೆಗೆ ಹಾಜರಿ ಹಾಕಬಾರದು.

ಇನ್ನು ಕೋರ್ಟಿನ ಕಥೆ. ಇಲಿನಾಯ್ ರಾಜ್ಯದ ವೀಟನ್ ಕಾಲೇಜು 1860ರಲ್ಲಿ ಶುರುವಾಯಿತು. ಮೊದಲ ಅಧ್ಯಕ್ಷ ಜೊನಾಥನ್ ಬ್ಲಾಂಚರ್ಡ್ ಗುಲಾಮಗಿರಿಯ ಕಡು ವಿರೋಧಿ. ಗುಟ್ಟಾಗಿ ನಡೆಯುವ ಸಂಘಗಳನ್ನು ಕಂಡರೂ ಅವರಿಗೆ ಆಗುತ್ತಿರಲಿಲ್ಲ. ಅಂಥ ಸಂಘಕ್ಕೆ ಸೇರಬಾರದು ಅಂತ ಕಾಲೇಜಿನಲ್ಲಿ ನಿಯಮವಿತ್ತು. ಪ್ರ್ಯಾಟ್ ಎಂಬ ವಿದ್ಯಾರ್ಥಿ ಗುಡ್ ಟೆಂಪ್ಲರ್ಸ್ ಅನ್ನುವ ಸಂಘಕ್ಕೆ ಸೇರಿದ. ಅದು ಕುಡಿತದ ವಿರುದ್ಧ ಇದ್ದ ಸಂಘ. ಆದರೆ ಅದರ ಸಭೆಗಳು ಗುಟ್ಟಾಗಿ ನಡೆಯುತ್ತಿದ್ದವು. ಕಾಲೇಜು ಅವನನ್ನು ಅಮಾನತು ಮಾಡಿತು. ವಿಷಯ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. 1866ರಲ್ಲಿ ಕೋರ್ಟು ಕಾಲೇಜಿನ ಪರ ನಿಂತಿತು. ತಂದೆ ತನ್ನ ಮನೆಯಲ್ಲಿ ಇಟ್ಟುಕೊಂಡ ಶಿಸ್ತಿನಲ್ಲಿ ನಾವು ಹೇಗೆ ಕೈ ಹಾಕುವುದಿಲ್ಲವೋ ಹಾಗೆಯೇ ಕಾಲೇಜಿನ ಶಿಸ್ತಿನಲ್ಲೂ ಕೈ ಹಾಕುವುದಿಲ್ಲ ಎಂಬುದು ಅದರ ನಿಲುವು.

ಕಾಲೇಜು ಅಂದರೆ ಅಪ್ಪ ಅಮ್ಮನ ಜಾಗದಲ್ಲಿ ನಿಂತದ್ದು ಎಂಬ ಈ ಯೋಚನೆ ಮುಂದೆ ಸುಮಾರು ನೂರು ವರ್ಷ ಅಲ್ಲಿ ಆಳಿತು. ಅದನ್ನು ಬಾಯಿಬಿಟ್ಟು ಹೇಳಿದ ತೀರ್ಪು ಬಂದದ್ದು 1913ರಲ್ಲಿ, ಕೆಂಟಕಿ ರಾಜ್ಯದಲ್ಲಿ. ಆ ಮೊಕದ್ದಮೆ ಒಂದು ಹೋಟೆಲಿನದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆರಿಯಾ ಕಾಲೇಜು 1855ರಲ್ಲಿ ಜಾನ್ ಫೀ ಎಂಬ ಪಾದ್ರಿ ಶುರು ಮಾಡಿದ ಸಂಸ್ಥೆ. ಗುಲಾಮರನ್ನು ಇಟ್ಟುಕೊಂಡಿದ್ದ ರಾಜ್ಯದಲ್ಲಿ ನಿಂತು, ದೇವರು ಎಲ್ಲ ಜನರನ್ನೂ ಒಂದೇ ರಕ್ತದಿಂದ ಮಾಡಿದ್ದಾನೆ ಎಂಬ ಬೈಬಲ್ ಮಾತನ್ನು ಹಿಡಿದು ಕಟ್ಟಿದ ಕಾಲೇಜು. ಗುಲಾಮಗಿರಿಯ ವಿಷಯಕ್ಕೆ ನಡೆದ ಅಂತರ್ಯುದ್ಧ ಮುಗಿದ ಮೇಲೆ ಕರಿಯರು, ಬಿಳಿಯರು, ಗಂಡು, ಹೆಣ್ಣು ಎಲ್ಲರೂ ಅಲ್ಲಿ ಒಟ್ಟಿಗೆ ಓದಿದರು. 1904ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದು ಅದನ್ನು ನಿಲ್ಲಿಸಿತು. ಕಾಲೇಜು ದೇಶದ ಸುಪ್ರೀಂ ಕೋರ್ಟಿನವರೆಗೆ ಹೋರಾಡಿ 1908ರಲ್ಲಿ ಸೋತಿತು. 1892ರಿಂದ ಇವತ್ತಿನವರೆಗೂ ಅದು ಬೋಧನಾ ಶುಲ್ಕ ತೆಗೆದುಕೊಂಡಿಲ್ಲ. ಎಲ್ಲ ವಿದ್ಯಾರ್ಥಿಗಳೂ ವಾರಕ್ಕೆ ಇಷ್ಟು ಗಂಟೆ ಅಂತ ಕಾಲೇಜಿನ ಕೆಲಸ ಮಾಡಬೇಕು. ಅಂದರೆ ಬಡಮಕ್ಕಳಿಗಾಗಿ ನಿಜವಾಗಿ ದುಡಿದ ಸಂಸ್ಥೆ ಇದು. ಇದನ್ನು ಮರೆತು ಮುಂದಿನ ಕಥೆ ಕೇಳಬಾರದು.

1911ರ ಸೆಪ್ಟೆಂಬರ್‌ನಲ್ಲಿ ಗಾಟ್ ಅನ್ನುವವರು ಕಾಲೇಜಿನ ಎದುರಿಗೇ ಒಂದು ಹೋಟೆಲ್ ನಡೆಸತೊಡಗಿದರು. ನಮ್ಮ ಯಾವ ಕಾಲೇಜಿನ ಎದುರಿಗೆ ಒಂದು ಹೋಟೆಲ್ ಇಲ್ಲ ಹೇಳಿ? ವಿದ್ಯಾರ್ಥಿಗಳನ್ನೇ ನಂಬಿಕೊಂಡ ವ್ಯಾಪಾರ. ಅದೇ ತಿಂಗಳು ಕಾಲೇಜು ತನ್ನ ನಿಯಮ ಪುಸ್ತಕ ತಿದ್ದಿತು. ಕಾಲೇಜಿನ ಹಿಡಿತದಲ್ಲಿ ಇಲ್ಲದ ಊಟದ ಹೋಟೆಲಿಗಾಗಲಿ ಮೋಜಿನ ಜಾಗಕ್ಕಾಗಲಿ ವಿದ್ಯಾರ್ಥಿಗಳು ಕಾಲಿಡಬಾರದು, ಇಟ್ಟರೆ ಕೂಡಲೇ ವಜಾ. ಚಾಪೆಲ್ಲಿನಲ್ಲಿ ಇದನ್ನು ಓದಿ ಹೇಳಿದರು. ಮೊದಲ ಕೆಲವು ದಿನಗಳಲ್ಲೇ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಹೊರಗೆ ಹಾಕಿಯೂ ಆಯಿತು. ವ್ಯಾಪಾರ ಕೆಟ್ಟಿತು ಅಂತ ಗಾಟ್ ಕೋರ್ಟಿಗೆ ಹೋದರು. ರಾಜ್ಯದ ಮೇಲಿನ ಕೋರ್ಟು ಕಾಲೇಜಿನ ಪರ ತೀರ್ಪು ಕೊಟ್ಟಿತು. ವಿದ್ಯಾರ್ಥಿಗಳ ದೇಹ, ನಡತೆ, ಓದು ಮೂರರ ವಿಷಯದಲ್ಲೂ ಕಾಲೇಜು ತಂದೆತಾಯಿಯ ಸ್ಥಾನದಲ್ಲಿದೆ, ಅವರ ಒಳ್ಳೆಯದಕ್ಕೆ ಏನು ನಿಯಮ ಬೇಕಾದರೂ ಮಾಡಬಹುದು ಎಂದಿತು.

ಅಮೆರಿಕದಲ್ಲಿ ಕಾಲೇಜು ಶಿಸ್ತಿನ ಕಾನೂನು ಓದುವವರು ಈ ಮೊಕದ್ದಮೆಯನ್ನು ಓದುತ್ತಾರೆ. ಹೋಟೆಲ್ ಮಾಲೀಕನ ವಾದ ಅದರಲ್ಲಿದೆ. ಕಾಲೇಜಿನ ವಾದ ಇದೆ. ನನ್ನ ಕಣ್ಣು ಪ್ರತಿಸಲ ಹೋಗುವುದು ಹೊರಗೆ ಹಾಕಿಸಿಕೊಂಡ ಆ ಇಬ್ಬರು ಮೂವರ ಕಡೆಗೆ. ಅವರು ಆ ಮೊಕದ್ದಮೆಯಲ್ಲಿ ವಾದಿಗಳೂ ಅಲ್ಲ, ಪ್ರತಿವಾದಿಗಳೂ ಅಲ್ಲ. ಬೆಟ್ಟದ ಹಳ್ಳಿಗಳಿಂದ ಬರುವ ಬಡಮಕ್ಕಳಿಗಾಗಿ ಇದ್ದ ಕಾಲೇಜು ಅದು. ಹೊಸ ನಿಯಮ ಓದಿ ಇನ್ನೂ ವಾರವೂ ಆಗಿಲ್ಲದಿರಬಹುದು. ಯಾಕೆ ಹೋದಿರಿ, ಏನು ತಿಂದಿರಿ, ನಿಯಮ ಕಿವಿಗೆ ಬಿದ್ದಿತ್ತಾ ಅಂತ ಅವರನ್ನು ಯಾರಾದರೂ ಕೂರಿಸಿ ಕೇಳಿದರಾ? ಅಪ್ಪನ ಸ್ಥಾನ ಅಂದಮೇಲೆ ಒಂದು ಮಾತು. ಯಾವ ಅಪ್ಪನೂ ಹೋಟೆಲಿಗೆ ಹೋದ ತಪ್ಪಿಗೆ ಮಗನನ್ನು ಮನೆಯಿಂದ ಶಾಶ್ವತವಾಗಿ ಓಡಿಸುವುದಿಲ್ಲ. ಬೈಯುತ್ತಾನೆ, ಆಮೇಲೆ ಊಟಕ್ಕೆ ಕರೆಯುತ್ತಾನೆ. ಅಪ್ಪನ ಅಧಿಕಾರ ತೆಗೆದುಕೊಂಡು ಅಪ್ಪನ ಕರುಳು ಬಿಟ್ಟುಬಿಟ್ಟರೆ ಅದು ಅನ್ಯಾಯ. ಆ ನಿಯಮವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೇಳದೆ ಕಳಿಸಿದ್ದರೆ ಅದು ತಪ್ಪು.

ಕೇಳದೆ ಕಳಿಸುವಂತಿಲ್ಲ ಅಂತ ಅಮೆರಿಕದ ಕೋರ್ಟು ಹೇಳಲು 1961 ಬರಬೇಕಾಯಿತು. ಅದು ಕ್ರಿಶ್ಚಿಯನ್ ಕಾಲೇಜಲ್ಲ, ಅಲಬಾಮಾದ ಸರ್ಕಾರಿ ಕಾಲೇಜು. 1960ರ ಫೆಬ್ರವರಿಯಲ್ಲಿ ಅಲ್ಲಿನ ಕರಿಯ ವಿದ್ಯಾರ್ಥಿಗಳು ಮಾಂಟ್ಗೊಮರಿಯ ನ್ಯಾಯಾಲಯದ ಕಟ್ಟಡದಲ್ಲಿದ್ದ ಬಿಳಿಯರ ಊಟದ ಜಾಗಕ್ಕೆ ಹೋಗಿ ನಮಗೂ ಬಡಿಸಿ ಅಂತ ಕೂತರು. ಅವರಲ್ಲಿ ಒಂಬತ್ತು ಮಂದಿಯನ್ನು ವಿಚಾರಣೆಯೇ ಇಲ್ಲದೆ ಕಾಲೇಜಿನಿಂದ ತೆಗೆದರು. ಡಿಕ್ಸನ್ ಮೊಕದ್ದಮೆ ಅಂತ ಅದಕ್ಕೆ ಹೆಸರು. ಏನು ತಪ್ಪು ಅಂತ ತಿಳಿಸದೆ, ಉತ್ತರ ಹೇಳಲು ಅವಕಾಶ ಕೊಡದೆ ವಿದ್ಯಾರ್ಥಿಯನ್ನು ಹೊರಗೆ ಹಾಕುವಂತಿಲ್ಲ ಅಂತ ಮೇಲ್ಮನವಿ ಕೋರ್ಟು ಹೇಳಿತು. ಖಾಸಗಿ ಧಾರ್ಮಿಕ ಕಾಲೇಜುಗಳಿಗೆ ಈ ತೀರ್ಪು ನೇರವಾಗಿ ತಟ್ಟುವುದಿಲ್ಲ. ಆದರೂ ಕಾಲೇಜು ಅಂದರೆ ಅಪ್ಪ ಅಮ್ಮ ಎಂಬ ವಾದಕ್ಕೆ ಅಲ್ಲಿಂದ ಮುಂದೆ ಹಳೆಯ ಬಲ ಉಳಿಯಲಿಲ್ಲ.

ಮತ್ತೆ ವೀಟನ್‌ಗೆ ಬರೋಣ. ಅಲ್ಲಿ ಕುಡಿತ, ತಂಬಾಕು, ಇಸ್ಪೀಟು, ನಾಟಕ ಸಿನಿಮಾ, ಕುಣಿತ ಎಲ್ಲಕ್ಕೂ ಬಹಳ ಕಾಲ ನಿಷೇಧವಿತ್ತು. ಒಂದೊಂದೇ ಸಡಿಲವಾಗುತ್ತಾ ಬಂದು, 2003ರಲ್ಲಿ ಹಳೆಯ ಪ್ರತಿಜ್ಞೆಯ ಜಾಗಕ್ಕೆ ಸಮುದಾಯ ಒಡಂಬಡಿಕೆ ಅನ್ನುವ ಹೊಸ ಬರಹ ಬಂತು. ಆ ವರ್ಷದ ನವೆಂಬರ್‌ನಲ್ಲಿ ಕ್ಯಾಂಪಸ್ಸಿನಲ್ಲಿ ಮೊದಲ ಸಲ ಕಾಲೇಜೇ ಮುಂದೆ ನಿಂತು ಕುಣಿತದ ಕೂಟ ನಡೆಸಿತು. ಕಾಲೇಜು ಹುಟ್ಟಿ 143 ವರ್ಷ ಆಗಿತ್ತು. ಪತ್ರಿಕೆಗಳೆಲ್ಲ ಕುಣಿತದ ಸುದ್ದಿ ಬರೆದವು. ನನಗೆ ಮುಖ್ಯ ಅನ್ನಿಸುವುದು ಬೇರೆ ವಿಷಯ. ಆ ಒಡಂಬಡಿಕೆಗೆ ಬದ್ಧರಾಗುವವರು ವಿದ್ಯಾರ್ಥಿಗಳು ಮಾತ್ರ ಅಲ್ಲ. ಅಧ್ಯಾಪಕರು, ಸಿಬ್ಬಂದಿ, ಅಧ್ಯಕ್ಷರು ಎಲ್ಲರೂ. ಮದ್ಯದ ವಿಷಯದಲ್ಲಿ ದೊಡ್ಡವರಿಗೆ ಸ್ವಲ್ಪ ವಿನಾಯಿತಿ ಇದೆ. ಆದರೆ ಪದವಿ ವಿದ್ಯಾರ್ಥಿಗಳ ಎದುರಿಗೆ ಕುಡಿಯುವಂತಿಲ್ಲ. ಮದುವೆ, ಲೈಂಗಿಕತೆಯ ಬಗ್ಗೆ ಅದರಲ್ಲಿರುವ ಮಾತುಗಳನ್ನು ಎಲ್ಲರೂ ಒಪ್ಪುವುದಿಲ್ಲ, ಸಲಿಂಗಿ ವಿದ್ಯಾರ್ಥಿಗಳಿಗೆ ಅವು ಬಹಳ ಭಾರ. ಆದರೂ ನಿಯಮ ಬರೆದವರು ಅದೇ ನಿಯಮದ ಕೆಳಗೆ ಬಾಳುವುದು ದೊಡ್ಡ ಮಾತು. ಅಂಥ ಕಡೆ ವಿದ್ಯಾರ್ಥಿ ಬಂದು ‘ಸರ್, ನನ್ನಿಂದ ಆಗಲಿಲ್ಲ’ ಅಂದರೆ ಕೇಳುವವರಿಗೆ ಅದು ಅರ್ಥವಾಗುವ ಸಾಧ್ಯತೆ ಇದೆ.

ನಿಯಮಕ್ಕೆ ದೇವರ ಹೆಸರು ಅಂಟಿಸಿದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ ಅಂತಲೂ ಇಲ್ಲೇ ಹೇಳಬೇಕು. ಸೌತ್ ಕೆರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ಜನಾಂಗದ ಹುಡುಗ ಹುಡುಗಿ ಪ್ರೀತಿ ಮಾಡಬಾರದು ಅಂತ ನಿಯಮವಿತ್ತು. ಬೈಬಲ್ಲೇ ಹೀಗೆ ಹೇಳುತ್ತದೆ ಎಂಬುದು ಅವರ ವಾದ. 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ತೆರಿಗೆ ವಿನಾಯಿತಿ ರದ್ದಾದದ್ದು ಸರಿ ಎಂದಿತು. ಆಮೇಲೂ ನಿಯಮ 2000ನೇ ಇಸವಿಯವರೆಗೆ ಉಳಿಯಿತು. 2008ರಲ್ಲಿ ಸಂಸ್ಥೆಯೇ ತನ್ನ ಹಳೆಯ ಜನಾಂಗ ನೀತಿಗಾಗಿ ಕ್ಷಮೆ ಕೇಳಿತು.

ಈಗ ನಾನು ಹೇಳಬೇಕೆಂದಿರುವುದರ ನಡುವಿಗೆ ಬರುತ್ತೇನೆ. ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಮಾರ್ಮನ್ ಪಂಥದವರದು. ಅಲ್ಲಿಯ ನಡತೆ ನಿಯಮ ಬಹಳ ಬಿಗಿ. ಮದ್ಯ ಇಲ್ಲ, ಕಾಫಿ ಟೀ ಕೂಡ ಇಲ್ಲ. ಮದುವೆಗೆ ಮೊದಲು ದೇಹ ಸಂಬಂಧ ಇಲ್ಲ. ಹುಡುಗ ಹುಡುಗಿ ಒಬ್ಬರ ರೂಮಿಗೆ ಒಬ್ಬರು ಹೋಗಲು ಕಟ್ಟುಪಾಡುಗಳಿವೆ. ಇದೆಲ್ಲ ಗೊತ್ತಿದ್ದೇ ಮಕ್ಕಳು ಸೇರುತ್ತಾರೆ. 2016ರಲ್ಲಿ ಅಲ್ಲಿಯ ಕೆಲವು ವಿದ್ಯಾರ್ಥಿನಿಯರು ಬಹಿರಂಗವಾಗಿ ಮಾತಾಡಿದರು. ತಮ್ಮ ಮೇಲೆ ಅತ್ಯಾಚಾರವಾಯಿತು ಅಂತ ದೂರು ಕೊಟ್ಟಾಗ, ಆ ಹೊತ್ತಿನಲ್ಲಿ ನೀನು ಅಲ್ಲಿ ಯಾಕಿದ್ದೆ, ಕುಡಿದಿದ್ದೆಯಾ ಅಂತ ನಡತೆ ನಿಯಮದ ಕಚೇರಿ ತಮ್ಮ ಮೇಲೆಯೇ ವಿಚಾರಣೆ ನಡೆಸಿತು ಎಂದರು.

ಇದು ಹೇಗೆ ಕೆಲಸ ಮಾಡುತ್ತದೆ ನೋಡಿ. ರಾತ್ರಿ ಹುಡುಗನ ರೂಮಿಗೆ ಹೋಗಬಾರದು ಅನ್ನುವ ನಿಯಮವನ್ನು ಹುಡುಗಿಯ ಕ್ಷೇಮಕ್ಕೆ ಅಂತಲೇ ಮಾಡಿರುತ್ತಾರೆ. ಅವಳು ಹೋದಳು. ಒಳಗೆ ಅವಳ ಮೇಲೆ ದೌರ್ಜನ್ಯವಾಯಿತು. ಈಗ ದೂರು ಕೊಟ್ಟರೆ ಮೊದಲ ಸಾಲಿನಲ್ಲೇ ಅವಳ ತಪ್ಪು ಬರೆಯಬೇಕು. ಸೀಟು ಹೋಗಬಹುದು, ಮನೆಗೆ ಕಾಗದ ಹೋಗಬಹುದು. ಇದು ಆ ಹುಡುಗನಿಗೂ ಗೊತ್ತು. ‘ಹೇಳಿದರೆ ನಿನ್ನನ್ನೇ ತೆಗೆಯುತ್ತಾರೆ’ ಅಂತ ಅವನು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಅವಳನ್ನು ಕಾಯಲು ಮಾಡಿದ ನಿಯಮ ಅವನ ಕೈಯಲ್ಲಿ ಆಯುಧವಾಯಿತು. ನಿಯಮ ಎಷ್ಟು ಬಿಗಿಯೋ ಅವನು ಅಷ್ಟು ಭದ್ರ. ನಮ್ಮ ಹಾಸ್ಟೆಲ್‌ಗಳಲ್ಲಿ ಎಷ್ಟು ವಿಷಯ ಹೀಗೆ ಮುಚ್ಚಿಹೋಗಿರಬಹುದು, ಯೋಚಿಸಿ.

ಆ ವಿಶ್ವವಿದ್ಯಾಲಯ ನಿಯಮ ಬಿಡಲಿಲ್ಲ. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಒಂದು ತೀರ್ಮಾನ ಪ್ರಕಟಿಸಿತು. ಲೈಂಗಿಕ ದೌರ್ಜನ್ಯದ ದೂರು ಕೊಟ್ಟವರನ್ನು ಆ ಹೊತ್ತಿನ ನಡತೆ ತಪ್ಪಿಗಾಗಿ ಶಿಕ್ಷಿಸುವುದಿಲ್ಲ ಅಂತ. ದೂರು ಕೇಳುವ ಕಚೇರಿಯನ್ನೂ ಶಿಸ್ತು ಕಚೇರಿಯನ್ನೂ ಬೇರೆ ಬೇರೆ ಮಾಡಲು ಒಪ್ಪಿತು. ನನ್ನ ಲೆಕ್ಕದಲ್ಲಿ ಇದೇ ಸರಿದಾರಿ. ನಿಯಮ ಇರಲಿ. ಬಿಗಿಯಾಗಿಯೇ ಇರಲಿ ಬೇಕಾದರೆ. ಆದರೆ ಕಷ್ಟ ಹೇಳಲು ಬಂದವರ ಮೇಲೆ ಆ ನಿಯಮ ಬೀಳಬಾರದು.

ಇನ್ನು ನಮ್ಮ ಕಡೆ. ಮಂಗಳೂರಿನ ಸಂತ ಅಲೋಶಿಯಸ್ 1880ರದು. ಬೆಂಗಳೂರಿನ ಸಂತ ಜೋಸೆಫ್ 1882. ಮಂಗಳೂರಿನ ಸಂತ ಆಗ್ನೆಸ್ 1921. ತಲೆಮಾರುಗಟ್ಟಲೆ ನಮ್ಮ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಇಂಥ ಕಾಲೇಜುಗಳಿಂದ ಓದಿ ಹೊರಬಂದಿದ್ದಾರೆ. ಅಪ್ಪ ಅಮ್ಮ ಧೈರ್ಯವಾಗಿ ಹೆಣ್ಣುಮಗಳನ್ನು ದೂರದ ಊರಿಗೆ ಕಳಿಸಿದ್ದೇ ಅಲ್ಲಿ ಸಿಸ್ಟರ್ ಇದ್ದಾರೆ ಎಂಬ ನಂಬಿಕೆಯಿಂದ. ಆ ಋಣ ಸಣ್ಣದಲ್ಲ.

ಆದರೆ ವೀಟನ್‌ಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಸೇರುವವರು ಆ ನಂಬಿಕೆಯವರೇ, ಒಡಂಬಡಿಕೆ ಓದಿ ಸಹಿ ಹಾಕುತ್ತಾರೆ. ನಮ್ಮಲ್ಲಿ ಕ್ರಿಶ್ಚಿಯನ್ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಲಿಂಗಾಯತರ ಹುಡುಗಿ, ಮುಸ್ಲಿಂ ಹುಡುಗಿ, ಬಿಲ್ಲವರ ಹುಡುಗಿ ಒಂದೇ ರೂಮಿನಲ್ಲಿರುತ್ತಾರೆ. ಹಾವೇರಿ ಕಡೆಯಿಂದ ಬಂದ ತಾಯಿ ಸೀಟು ಸಿಕ್ಕಿತಲ್ಲ ಅನ್ನುವ ಸಂತೋಷದಲ್ಲಿ ಇಂಗ್ಲಿಷ್ ಫಾರಂಗೆ ಸಹಿ ಹಾಕಿ ಹೋಗುತ್ತಾಳೆ. ಅದನ್ನು ಒಪ್ಪಿಗೆ ಅನ್ನಲಾಗುತ್ತಾ? ನಮ್ಮ ಸಂವಿಧಾನದ 28ನೇ ವಿಧಿಯ ಮೂರನೇ ಭಾಗ ಇಲ್ಲಿ ಮುಖ್ಯ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಓದುವವರನ್ನು ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನೆಗಾಗಲಿ ಬರಲೇಬೇಕು ಅನ್ನುವಂತಿಲ್ಲ. ಚಿಕ್ಕವರಾದರೆ ಪೋಷಕರ ಒಪ್ಪಿಗೆ ಬೇಕು. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಸಂಸ್ಥೆ ನಡೆಸುವ ಹಕ್ಕು ಕೊಡುತ್ತದೆ. ಅದು ಅಮೂಲ್ಯವಾದ ಹಕ್ಕು. ಆಡಳಿತದ ಹಕ್ಕು ಅಂದರೆ ದುರಾಡಳಿತದ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟು 1958ರಲ್ಲೇ, ಕೇರಳ ಶಿಕ್ಷಣ ಮಸೂದೆಯ ವಿಷಯದಲ್ಲಿ, ಹೇಳಿದೆ.

ನಾನೂ ಹಾಸ್ಟೆಲ್‌ನಲ್ಲಿ ಕೆಲಸ ಮಾಡಿದವಳು. ಗೇಟಿನ ಪಕ್ಕ ಒಂದು ಮೇಜು, ದಾರ ಕಟ್ಟಿದ ಪೆನ್ನು, ಉದ್ದನೆಯ ಲೇಟ್ ರಿಜಿಸ್ಟರ್. ನಿಮ್ಮೆಲ್ಲರ ಹಾಸ್ಟೆಲ್ಲಿನಲ್ಲೂ ಇದೆ. ಹೆಸರು, ರೂಮ್ ನಂಬರ್, ಬಂದ ಹೊತ್ತು, ಕಾರಣ, ಸಹಿ. ಆ ಕಾರಣದ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿ ನೋಡಿ. ಮೊದಲನೆಯವಳು ‘ಬಸ್ ಲೇಟ್’ ಅಂತ ಬರೆದಿರುತ್ತಾಳೆ. ಅದರ ಕೆಳಗಿನವಳೂ ‘ಬಸ್ ಲೇಟ್’. ಮೂರನೆಯವಳು ಬರೆಯುವ ಗೋಜಿಗೂ ಹೋಗದೆ ಮೇಲಿನದೇ ಅನ್ನುವ ಹಾಗೆ ಎರಡು ಗೀಟು ಹಾಕಿರುತ್ತಾಳೆ. ಪುಟ ತುಂಬ ಅದೇ ಗೀಟು. ಅವರಲ್ಲಿ ಒಬ್ಬಳು ಟ್ಯೂಷನ್ ಹೇಳಿ ಬಂದಿರುತ್ತಾಳೆ, ಮನೆಗೆ ದುಡ್ಡು ಬೇಕು. ಒಬ್ಬಳು ಆಸ್ಪತ್ರೆಗೆ ಹೋಗಿದ್ದಾಳೆ, ಯಾಕೆ ಅಂತ ಹೇಳಲಾರಳು. ಒಬ್ಬಳು ಗೆಳೆಯನ ಜೊತೆ ಇದ್ದಳು. ಒಬ್ಬಳ ಬಸ್ಸು ನಿಜವಾಗಿಯೂ ತಡವಾಗಿದೆ. ನಮ್ಮ ಪುಸ್ತಕಕ್ಕೆ ಎಲ್ಲರೂ ಒಂದೇ. ಆ ಪುಸ್ತಕ ಶಿಸ್ತಿನ ದಾಖಲೆ ಅಲ್ಲ, ನಮ್ಮ ಹತ್ತಿರ ಮಕ್ಕಳು ಏನನ್ನೂ ಹೇಳುವುದಿಲ್ಲ ಅನ್ನುವುದರ ದಾಖಲೆ.

2019ರಲ್ಲಿ ಕೇರಳ ಹೈಕೋರ್ಟಿಗೆ ಒಂದು ವಿಷಯ ಬಂತು. ಕೋಯಿಕ್ಕೋಡ್ ಬಳಿಯ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಫೋನ್ ಬಳಸಬಾರದು ಅಂತ ಮಾಡಿದ್ದರು. ಅದು ಕ್ರಿಶ್ಚಿಯನ್ ಕಾಲೇಜಲ್ಲ, ಆದರೆ ವಿಷಯ ನಮ್ಮೆಲ್ಲರದು. ಒಪ್ಪದ ಒಬ್ಬ ವಿದ್ಯಾರ್ಥಿನಿಯನ್ನು ಹಾಸ್ಟೆಲ್ಲಿನಿಂದ ತೆಗೆದರು. ಇಂಟರ್ನೆಟ್ ಬಳಸುವುದು ಓದಿನ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದ್ದು ಅಂತ ಹೇಳಿ ಕೋರ್ಟು ಅವಳನ್ನು ವಾಪಸ್ ಸೇರಿಸಿಕೊಳ್ಳಲು ಆದೇಶ ಕೊಟ್ಟಿತು. ಒಂದು ಸಲ ಕೂತು ಮಾತಾಡಿದ್ದರೆ ಇದು ಹೈಕೋರ್ಟಿನವರೆಗೆ ಹೋಗಬೇಕಿರಲಿಲ್ಲ ಅಂತ ನನಗನ್ನಿಸುತ್ತದೆ.

ಹಾಗಾದರೆ ಏನು ಮಾಡೋಣ? ನಿಮ್ಮ ನಿಯಮ ಪುಸ್ತಕದಲ್ಲಿ ಒಂದು ಸಾಲು ಸೇರಿಸಿ: ತನಗೋ ಗೆಳತಿಗೋ ಅಪಾಯವಾದಾಗ ಸಹಾಯ ಕೇಳಿ ಬಂದವರಿಗೆ ಆ ರಾತ್ರಿಯ ನಿಯಮ ಭಂಗಕ್ಕೆ ಶಿಕ್ಷೆ ಇಲ್ಲ. ಬಾಯಲ್ಲಿ ಹೇಳಿದರೆ ಸಾಲದು, ಬರೆದಿರಬೇಕು. ಬರೆಯದ ಕರುಣೆ ವಾರ್ಡನ್ ಬದಲಾದ ಕೂಡಲೇ ಹೋಗುತ್ತದೆ. ರ್‍ಯಾಗಿಂಗ್ ಕೂಡ ಹೀಗೆಯೇ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2009ರಲ್ಲೇ ಕಟ್ಟುನಿಟ್ಟಿನ ನಿಯಮ ಮಾಡಿದೆ. ಆದರೆ ಜೂನಿಯರ್ ಹುಡುಗ ಬಾಯಿ ಬಿಟ್ಟರೆ ತಾನೇ ಅದು ಕೆಲಸ ಮಾಡುವುದು? ಇನ್ನೊಂದು, ಕೇಳುವ ಕಿವಿ ಮತ್ತು ಶಿಕ್ಷಿಸುವ ಕೈ ಒಬ್ಬರದೇ ಆಗಬಾರದು. ಕೌನ್ಸೆಲರ್ ಆಗಲಿ, ಕಾಲೇಜಿನ ಪಾದ್ರಿಯಾದ ಚಾಪ್ಲೇನ್ ಆಗಲಿ, ಶಿಸ್ತು ಸಮಿತಿಯಲ್ಲಿ ಇರದ ಒಬ್ಬರು ಕ್ಯಾಂಪಸ್ಸಿನಲ್ಲಿ ಇರಬೇಕು. ಹಾಸ್ಟೆಲ್ ಬಿಡಿಸುವ ಮೊದಲು ಏನು ಆರೋಪ ಅಂತ ಕಾಗದದಲ್ಲಿ ಕೊಡಿ, ಅವಳ ಉತ್ತರ ಕೇಳಿ, ಆಮೇಲೆ ತೀರ್ಮಾನಿಸಿ. ಸಂಜೆ ಕರೆಸಿ ಬೆಳಿಗ್ಗೆ ಪೆಟ್ಟಿಗೆ ಕಟ್ಟಿಸುವುದನ್ನು ನಿಲ್ಲಿಸಿ. ನಿಯಮ ಪುಸ್ತಕ ಕನ್ನಡದಲ್ಲೂ ಇರಲಿ, ಫೀಸು ಕಟ್ಟುವ ಮೊದಲೇ ಕೈಗೆ ಸಿಗಲಿ.

ಆಮೇಲೆ ಬಂದ ಪ್ರಶ್ನೆಗಳು.

ಫಾದರ್ ಒಬ್ಬರು ಕೇಳಿದರು: ‘ಶಿಕ್ಷೆ ಇಲ್ಲ ಅಂತ ಬರೆದಿಟ್ಟರೆ ಎಲ್ಲರೂ ಅದನ್ನೇ ನೆಪ ಮಾಡಿಕೊಳ್ಳುವುದಿಲ್ಲವೇ?’

ಇಲ್ಲ ಫಾದರ್. ಸಿಕ್ಕಿಬಿದ್ದ ಮೇಲೆ ಹೇಳುವುದು ಬೇರೆ, ಸಿಕ್ಕಿಬೀಳುವ ಮೊದಲು ತಾನಾಗಿ ಬರುವುದು ಬೇರೆ. ರಕ್ಷಣೆ ಎರಡನೆಯವರಿಗೆ. ಸುಮ್ನೆ ಮಜಾಕ್ಕೆ ಹೊರಗೆ ಹೋಗಿ ಬಂದವಳು ರಾತ್ರಿ ಒಂದು ಗಂಟೆಗೆ ನಿಮ್ಮನ್ನು ಎಬ್ಬಿಸಿ ಕಷ್ಟ ಹೇಳಿಕೊಳ್ಳುವುದಿಲ್ಲ.

ಒಬ್ಬ ವಾರ್ಡನ್: ‘ಮೇಡಂ, ತಂದೆತಾಯಿಗಳೇ ಬಂದು, ಏನಾದರೂ ಮಾಡಿ ಬಿಗಿಯಾಗಿಡಿ, ಎಲ್ಲವನ್ನೂ ನಮಗೆ ಹೇಳಿ ಅಂತಾರೆ. ಅವರಿಗೆ ಏನು ಹೇಳಲಿ?’

ಅವರ ಆತಂಕ ನಿಜ, ಅದನ್ನು ಹಗುರ ಮಾಡಬೇಡಿ. ಆದರೆ ಹದಿನೆಂಟು ತುಂಬಿದ ಮಗಳು ಕಾನೂನಿನ ಪ್ರಕಾರ ದೊಡ್ಡವಳು ಅನ್ನುವುದನ್ನೂ ಹೇಳಿ. ಏನೇ ಆದರೂ ಅವಳು ಮೊದಲು ನಮ್ಮ ಹತ್ತಿರ ಬರುವ ಹಾಗೆ ನೋಡಿಕೊಳ್ಳುತ್ತೇವೆ ಅನ್ನಿ. ಎಲ್ಲವನ್ನೂ ಮನೆಗೆ ಹೇಳಿಬಿಡುತ್ತಾರೆ ಅಂತ ಗೊತ್ತಾದರೆ ಅವಳು ನಿಮಗೂ ಹೇಳುವುದಿಲ್ಲ, ಮನೆಗೂ ಹೇಳುವುದಿಲ್ಲ.

ಸಂಜೆ ಪ್ರಾರ್ಥನೆಗೆ ಬರದ ಹುಡುಗಿಯರ ಬಗ್ಗೆ ಒಬ್ಬ ಸಿಸ್ಟರ್ ಕೇಳಿದರು. ಬರದವರು ಆ ಹೊತ್ತಿನಲ್ಲಿ ಸ್ಟಡಿ ಹಾಲಿನಲ್ಲಿ ಓದಿಕೊಳ್ಳಲಿ ಸಿಸ್ಟರ್. ಹಾಜರಿ ಬೇಕಾದರೆ ಎರಡೂ ಕಡೆ ತೆಗೆದುಕೊಳ್ಳಿ. ಯಾರು ಎಲ್ಲಿದ್ದರು ಅಂತ ಬೇರೆ ಪಟ್ಟಿ ಮಾತ್ರ ಬೇಡ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಯುವ ಅಧ್ಯಾಪಕಿಯದು: ‘ತೊಂದರೆ ಕೊಡುತ್ತಿರುವವರು ಹಾಸ್ಟೆಲ್ ನಡೆಸುವವರೇ ಆದರೆ?’

ಕೇಳಿದ್ದು ಒಳ್ಳೆಯದಾಯಿತು. ಲೈಂಗಿಕ ಕಿರುಕುಳದ ವಿಷಯವಾದರೆ 2013ರ ಕಾಯ್ದೆ ಮತ್ತು ಯುಜಿಸಿಯ 2015ರ ನಿಯಮಗಳ ಪ್ರಕಾರ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಅದರಲ್ಲಿ ಹೊರಗಿನ ಒಬ್ಬ ಸದಸ್ಯರಿರಬೇಕು. ವಿಷಯ ವಿದ್ಯಾರ್ಥಿಗಳದ್ದಾದರೆ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಬಹಳ ಕಡೆ ಆ ಸಮಿತಿಯ ಹೆಸರುಗಳು ಪ್ರಿನ್ಸಿಪಾಲರ ಆಫೀಸಿನ ಬೋರ್ಡಿನಲ್ಲಿ ಇರುತ್ತವೆ. ಅಲ್ಲಿಗೆ ಹೋಗಿ ನಿಂತು ನಂಬರ್ ಬರೆದುಕೊಳ್ಳುವ ಹುಡುಗಿಯನ್ನು ಎಲ್ಲರೂ ನೋಡುತ್ತಾರೆ, ಅಲ್ವಾ? ಹಾಸ್ಟೆಲ್ ಬಾತ್‌ರೂಮಿನ ಬಾಗಿಲ ಒಳಗಡೆ ಅಂಟಿಸಿ. ಕನ್ನಡದಲ್ಲಿ ಅಂಟಿಸಿ. ಹೊರಗಿನ ಸದಸ್ಯರ ಫೋನ್ ನಂಬರ್ ಮೊದಲು ಬರೆಯಿರಿ, ವಾರ್ಡನ್ ಮೇಲೂ ದೂರು ಕೊಡಬಹುದು ಅನ್ನುವ ಸಾಲು ಅದರ ಕೆಳಗೇ ಇರಲಿ.